ಹಾಲು ಹಾಕುವ ಮುಂಚೆ ಒಂದು ಗುಟುಕು

ಕಾಫಿ ಪುಡಿ ಅಂಗಡಿಯಲ್ಲಿ ನಮ್ಮ ಜನ ಹೇಗೆ ಮಾತಾಡುತ್ತಾರೆ ನೋಡಿ. ಪೀಬೆರಿ ಎಷ್ಟು, ಪ್ಲಾಂಟೇಶನ್ ಎ ಎಷ್ಟು, ಚಿಕೋರಿ ಬೇಕೋ ಬೇಡವೋ, ಎಲ್ಲಾ ಲೆಕ್ಕ ಬಾಯಲ್ಲೇ ಇರುತ್ತದೆ. ಅದೇ ಜನ ಟೀಗೆ ಬಂದರೆ "ಅರ್ಧ ಕೆಜಿ ಟೀ ಪುಡಿ ಕೊಡಿ" ಅಂತಾರೆ, ಅಷ್ಟೇ. ಯಾವ ಬೆಟ್ಟದ್ದು, ಯಾವ ತಿಂಗಳು ಕೊಯ್ದದ್ದು, ಎಲೆಯೋ ಪುಡಿಯೋ, ಏನೂ ಕೇಳುವುದಿಲ್ಲ. ಚೀನಾ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಟೀ ಬೆಳೆಯುವುದು ನಾವೇ. ಬೆಳೆದವರಿಗೇ ಅದರ ರುಚಿ ಗೊತ್ತಿಲ್ಲ ಅಂದರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಇದಕ್ಕೆ ಕಾರಣವೂ ಇದೆ. ಬ್ರಿಟಿಷರು ಇಲ್ಲಿ ಟೀ ಬೆಳೆದದ್ದು ಹೊರಗೆ ಮಾರುವುದಕ್ಕೆ. ನಮ್ಮ ಸಾಮಾನ್ಯ ಮನೆಗಳಿಗೆ ಅದು ಬಂದದ್ದು 20ನೇ ಶತಮಾನದಲ್ಲಿ, ಅದೂ ಜೋರು ಪ್ರಚಾರದಿಂದ. 1903ರಲ್ಲಿ ಟೀ ಮೇಲೆ ಒಂದು ಸೆಸ್ ಹಾಕಿ, ಆ ಹಣವನ್ನು ಪ್ರಚಾರಕ್ಕೆ ಬಳಸಿದರು. ಒಳ್ಳೆಯ ಎಲೆ ಹಡಗು ಹತ್ತುತ್ತಿತ್ತು, ಅಗ್ಗದ ಪುಡಿ ನಮಗೆ ಉಳಿಯುತ್ತಿತ್ತು. ಅಗ್ಗದ ಪುಡಿಯನ್ನೇ ಹಾಲು, ಶುಂಠಿ, ಏಲಕ್ಕಿ ಹಾಕಿ ಕುದಿಸಿ ರುಚಿ ಮಾಡಿಕೊಂಡದ್ದು ನಮ್ಮವರ ಜಾಣತನ. ನಾನು ಹಾಲಿನ ಟೀಯನ್ನು ಬಯ್ಯಲು ಬರೆಯುತ್ತಿಲ್ಲ. ಬೆಳಗ್ಗೆ ನಾನೂ ಅದನ್ನೇ ಕುಡಿಯುತ್ತೇನೆ.

ಹಾಲಿನ ಟೀಗೆ ಸರಿಯಾದ ಪುಡಿಯೂ ಇದೆ. ನಮ್ಮ ಡಬ್ಬಿಗಳಲ್ಲಿರುವ ಗುಂಡು ಕಾಳಿನಂಥ ಟೀಗೆ ಸಿಟಿಸಿ (ಕ್ರಷ್, ಟೇರ್, ಕರ್ಲ್) ಅನ್ನುತ್ತಾರೆ. 1930ರ ಸುಮಾರಿಗೆ ಅಸ್ಸಾಮಿನಲ್ಲಿ ವಿಲಿಯಂ ಮೆಕರ್ಚರ್ ಎಂಬಾತ ಈ ಯಂತ್ರ ತಂದ. ಹಲ್ಲಿರುವ ಎರಡು ಉರುಳೆಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ನಡುವೆ ಸಿಕ್ಕ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿ ಬಿಡುತ್ತವೆ. ಅದಕ್ಕೇ ಬಣ್ಣ ಬೇಗ ಬಿಡುತ್ತದೆ, ಒಗರೂ ಜಾಸ್ತಿ. ಹಾಲಿನಲ್ಲಿರುವ ಕೇಸೀನ್ ಅನ್ನುವ ಪ್ರೊಟೀನ್ ಆ ಒಗರನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಸಿಟಿಸಿ ಮತ್ತು ಹಾಲಿನ ಜೋಡಿ ಚೆನ್ನಾಗಿದೆ. ಆದರೆ ಒಂದು ನವಿರಾದ ದಾರ್ಜಿಲಿಂಗ್ ಎಲೆಯನ್ನು ಅದೇ ಪಾತ್ರೆಗೆ ಹಾಕಿ ಹತ್ತು ನಿಮಿಷ ಕುದಿಸಿದರೆ ಕೊಟ್ಟ ದುಡ್ಡೂ ಹೋಯಿತು, ಘಮವೂ ಹೋಯಿತು.

ನಾನು ಹೇಳುವುದು ಇಷ್ಟೇ. ಮನೆಯಲ್ಲಿ ಎರಡು ಮೂರು ಊರಿನ ಟೀ ಇಟ್ಟುಕೊಳ್ಳಿ. ರಜಾ ದಿನ ಒಟ್ಟಿಗೆ ಮಾಡಿ, ಪಕ್ಕ ಪಕ್ಕ ಇಟ್ಟು, ಹಾಲು ಸಕ್ಕರೆ ಇಲ್ಲದೆ ರುಚಿ ನೋಡಿ. ಒಂದೊಂದೇ ಕುಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಪಕ್ಕದಲ್ಲಿಟ್ಟರೆ ಮಕ್ಕಳಿಗೂ ತಿಳಿಯುತ್ತದೆ.

ಮಾಡುವ ರೀತಿ ಕಷ್ಟವೇನಲ್ಲ. ಒಂದೇ ಅಳತೆಯ ಬಿಳಿ ಕಪ್ಪುಗಳಿದ್ದರೆ ಒಳ್ಳೆಯದು, ಬಣ್ಣ ಕಾಣುತ್ತದೆ. ರುಚಿ ನೋಡುವವರಿಗೆ ಅಂತಲೇ ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಅಳತೆ ಇದೆ. 100 ಮಿಲಿ ನೀರಿಗೆ 2 ಗ್ರಾಂ ಎಲೆ, ಕುದಿಯುವ ನೀರು, 6 ನಿಮಿಷ. ಅದು ಎಲೆಯ ದೋಷವನ್ನೂ ಹೊರಗೆ ತರುವ ಅಳತೆ, ಕುಡಿಯಲು ಸ್ವಲ್ಪ ಗಡಸು. ಮನೆಯಲ್ಲಿ ಮೂರು ನಿಮಿಷ ಸಾಕು. ಎಲೆಯನ್ನು ಚಮಚದಲ್ಲಿ ಅಳೆಯಬೇಡಿ, ಚಿಕ್ಕ ತಕ್ಕಡಿ ಇದ್ದರೆ ತೂಗಿ. ಒಂದು ಚಮಚ ಸಿಟಿಸಿಯ ತೂಕವೇ ಬೇರೆ, ಉದ್ದ ಎಲೆಯ ತೂಕವೇ ಬೇರೆ. ಎಲ್ಲಾ ಕಪ್ಪಿಗೂ ಅದೇ ನೀರು, ಅಷ್ಟೇ ಹೊತ್ತು. ಆಮೇಲೆ ಸೋಸಿ.

ನೀರಿನ ಬಗ್ಗೆ ಬೆಂಗಳೂರಿನವರಿಗೆ ಒಂದು ಮಾತು. ಬೋರ್‌ವೆಲ್ ನೀರಲ್ಲಿ ಟೀ ಮಾಡಿದರೆ ಮೇಲೆ ತೆಳ್ಳಗೆ ಕೆನೆಯಂಥ ಪದರ ಕಟ್ಟುತ್ತದೆ, ಗಮನಿಸಿರುತ್ತೀರಿ. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಟೀಯ ಅಂಶ ಸೇರಿ ಆಗುವುದು ಅದು. ರುಚಿಯೂ ಮಂಕಾಗುತ್ತದೆ. ಕಾವೇರಿ ನೀರು ಬರುವ ದಿನ ಒಂದು ಬಿಂದಿಗೆ ಇದಕ್ಕೇ ಅಂತ ತೆಗೆದಿಡಿ. ಅಥವಾ ಫಿಲ್ಟರ್ ನೀರು ಬಳಸಿ.

ಕುಡಿಯುವ ಮುಂಚೆ ಜರಡಿಯಲ್ಲಿ ಉಳಿದ ಒದ್ದೆ ಎಲೆಯನ್ನು ಮೂಸಿ ನೋಡಿ. ಅರ್ಧ ಕತೆ ಅಲ್ಲೇ ಇರುತ್ತದೆ. ಆಮೇಲೆ ಚಮಚದಲ್ಲಿ ತೆಗೆದು ಸೊರ್ ಅಂತ ಸದ್ದು ಮಾಡಿಯೇ ಎಳೆದುಕೊಳ್ಳಿ. ಟೀ ಕಂಪನಿಗಳ ರುಚಿಗಾರರೂ ಹಾಗೇ ಮಾಡುತ್ತಾರೆ. ಗಾಳಿ ಜೊತೆ ಒಳಗೆ ಹೋದಾಗ ಘಮ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ.

ನಮ್ಮ ಅಮ್ಮ ಮೊದಲ ಸಲ ದಾರ್ಜಿಲಿಂಗ್ ಬಾಯಿಗಿಟ್ಟು "ಇದೇನು, ಬರೀ ಬಿಸಿನೀರು ಕೊಟ್ಟಿದ್ದೀಯಾ?" ಅಂದರು. "ಸ್ವಲ್ಪ ಆರಲಿ ಬಿಡಮ್ಮ" ಅಂದೆ. ಆರಿದ ಮೇಲೆ ಇನ್ನೊಂದು ಗುಟುಕು ಕುಡಿದು "ಯಾವುದೋ ಹೂವಿನ ವಾಸನೆ ಇದೆ ಕಣೋ" ಅಂದರು. ಅದು ಹಾಗೆಯೇ. ಸುಡು ಸುಡು ಇದ್ದಾಗ ನಾಲಿಗೆಗೆ ಶಾಖ ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ.

ದಾರ್ಜಿಲಿಂಗ್ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ನನಗೆ ಅದರ ಮೇಲೆ ಪ್ರೀತಿ. ಅಲ್ಲಿ ಹೆಚ್ಚಾಗಿ ಇರುವುದು ಚಿಕ್ಕ ಎಲೆಯ ಚೀನಾ ತಳಿ. ಚಳಿಗಾಲ ಮುಗಿದು ಮಾರ್ಚ್, ಏಪ್ರಿಲ್‌ನಲ್ಲಿ ಬರುವ ಮೊದಲ ಚಿಗುರಿನ ಟೀ ತಿಳಿ ಹೊಂಬಣ್ಣದ್ದು, ಹಸಿರು ಹಸಿರಾದ ಘಮ. ಮೇ, ಜೂನ್ ತಿಂಗಳ ಎರಡನೇ ಕೊಯ್ಲು ಪೂರ್ತಿ ಬೇರೆ. ಮಸ್ಕಟೆಲ್ ಅಂತ ಕರೆಯುವ, ಮಸ್ಕಟ್ ದ್ರಾಕ್ಷಿಯ ಪರಿಮಳ ಬರುವುದು ಇದರಲ್ಲೇ. ಆ ಪರಿಮಳದ ಹಿಂದೆ ಹುಳದ ಪಾಲೂ ಇದೆ. ಬೇಸಿಗೆಯಲ್ಲಿ ಜಿಗಿಹುಳುಗಳು ಚಿಗುರಿನ ರಸ ಹೀರುತ್ತವೆ. ಗಿಡ ತನ್ನ ರಕ್ಷಣೆಗೆ ಕೆಲವು ಸುವಾಸನೆಯ ಅಂಶಗಳನ್ನು ಹುಟ್ಟಿಸುತ್ತದೆ. ತೈವಾನಿನ ಓರಿಯೆಂಟಲ್ ಬ್ಯೂಟಿ ಅನ್ನುವ ಊಲಾಂಗ್ ಟೀಯೂ (ಹಸಿರು ಟೀಗೂ ಕಪ್ಪು ಟೀಗೂ ನಡುವಿನ ಬಗೆ) ಹೀಗೆಯೇ ಆಗುವುದು. ಹುಳ ಕಚ್ಚಿದ ಎಲೆಗೆ ಜನ ಹೆಚ್ಚು ದುಡ್ಡು ಕೊಡುತ್ತಾರೆ! ನಮ್ಮ ದೇಶದಲ್ಲಿ ಮೊದಲ ಜಿಐ ಮಾನ್ಯತೆ (ಆ ಊರಿನದಕ್ಕೆ ಮಾತ್ರ ಆ ಹೆಸರು ಅನ್ನುವ ಗುರುತು) ಸಿಕ್ಕಿದ್ದೂ ದಾರ್ಜಿಲಿಂಗ್ ಟೀಗೇ, 2004ರಲ್ಲಿ.

ಅಸ್ಸಾಂ ಟೀಯ ಗಿಡವೇ ದೊಡ್ಡ ಎಲೆಯ ತಳಿ, ಬೆಟ್ಟದ್ದಲ್ಲ, ಬಯಲಿನದು. ಗಾಢ ಕೆಂಪು, ಬಾಯಿ ತುಂಬುವ ರುಚಿ. ಸಿಟಿಸಿ ಅಲ್ಲದ ಉದ್ದ ಎಲೆಯ ಅಸ್ಸಾಂ ಸಿಕ್ಕರೆ ಬಿಡಬೇಡಿ. ಮೊಳಕೆ ಕಟ್ಟಿ ಹುರಿದ ರಾಗಿಯ ಘಮ ಅದರಲ್ಲಿದೆ. ಒಳ್ಳೆಯ ಅಸ್ಸಾಂ ಟೀ ಆರಿದ ಮೇಲೆ ಮಬ್ಬಾಗುತ್ತದೆ. ಕೆಟ್ಟಿದೆ ಅಂತ ಚೆಲ್ಲಬೇಡಿ, ಸತ್ವ ಇರುವುದಕ್ಕೆ ಅದು ಗುರುತು. ಹಿಮಾಚಲದ ಕಾಂಗ್ಡಾ ಟೀ ಇದಕ್ಕೆ ಪೂರ್ತಿ ಎದುರು, ಬಹಳ ಮೆದು. 1905ರ ಭೂಕಂಪದಲ್ಲಿ ಅಲ್ಲಿನ ತೋಟಗಳು, ಕಾರ್ಖಾನೆಗಳು ನೆಲಕಚ್ಚಿದವು. ಆ ಹೆಸರು ಮತ್ತೆ ಹಳೆಯ ಎತ್ತರಕ್ಕೆ ಏರಲೇ ಇಲ್ಲ.

ನಮಗೆ ಹತ್ತಿರದ್ದು ನೀಲಗಿರಿ. ಅಲ್ಲಿನ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಕೊಯ್ಲು ಒಮ್ಮೆ ಕುಡಿದು ನೋಡಬೇಕು. ಇಬ್ಬನಿ ಹೆಪ್ಪುಗಟ್ಟುವ ಚಳಿಗೆ ಗಿಡ ನಿಧಾನ ಬೆಳೆಯುತ್ತದೆ, ಘಮ ಗಟ್ಟಿಯಾಗುತ್ತದೆ. ತಣ್ಣಗೆ ಮಾಡಿದರೂ ಮಬ್ಬಾಗದೆ ತಿಳಿಯಾಗಿರುವುದರಿಂದ ಐಸ್ ಟೀಗೂ ಅದೇ ಒಳ್ಳೆಯದು. ನಮ್ಮ ಚಿಕ್ಕಮಗಳೂರು, ಕೊಡಗಿನಲ್ಲೂ ಸ್ವಲ್ಪ ಟೀ ಬೆಳೆಯುತ್ತಾರೆ. ಕೊಟ್ಟಿಗೆಹಾರದ ಕಡೆ ಓಡಾಡುವವರಿಗೆ ಕೆಳಗೂರು ಟೀ ಗೊತ್ತಿರುತ್ತದೆ. ಕಾಫಿ ನಾಡಿನ ಟೀ ಅಂತ ಕಡೆಗಣಿಸಬೇಡಿ.

ಇನ್ನು ಗ್ರೀನ್ ಟೀ. ಪಾಪ, ಇದಕ್ಕಾದಷ್ಟು ಅನ್ಯಾಯ ಯಾವ ಟೀಗೂ ಆಗಿಲ್ಲ. ತೂಕ ಇಳಿಸಲು ಅಂತ ತಂದು, ಕುದಿಯುವ ನೀರಲ್ಲಿ ಚೀಲ ಅದ್ದಿ, ಅರ್ಧ ಗಂಟೆ ಬಿಟ್ಟು, ಮುಖ ಹಿಂಡಿಕೊಂಡು ಕಷಾಯದ ಹಾಗೆ ನುಂಗುತ್ತಾರೆ. ಕಹಿ ಆಗದೆ ಇನ್ನೇನು? ಗ್ರೀನ್ ಟೀಯೂ ಕಪ್ಪು ಟೀಯೂ ಒಂದೇ ಗಿಡದ ಎಲೆ. ಕೊಯ್ದ ಎಲೆಯನ್ನು ಬಾಡಿಸಿ, ಹೊಸೆದು, ಗಾಳಿಗೆ ಬಿಟ್ಟರೆ ಕಪ್ಪಾಗುತ್ತದೆ. ತಕ್ಷಣ ಶಾಖ ಕೊಟ್ಟರೆ ಹಸಿರಾಗಿಯೇ ಉಳಿಯುತ್ತದೆ. ಚೀನಾದವರು ಬಾಣಲೆಯಲ್ಲಿ ಹುರಿಯುತ್ತಾರೆ, ಜಪಾನಿನವರು ಹಬೆಯಲ್ಲಿ ಬೇಯಿಸುತ್ತಾರೆ. ಅದಕ್ಕೇ ಚೀನಾದ ಲಾಂಗ್‌ಜಿಂಗ್‌ಗೂ ಜಪಾನಿನ ಸೆಂಚಾಗೂ ಅಷ್ಟು ವ್ಯತ್ಯಾಸ. ನೀರು ಬಿಸಿ ಹೆಚ್ಚಾದಷ್ಟೂ ಕಹಿ, ಒಗರು ಹೆಚ್ಚು ಇಳಿಯುತ್ತದೆ. 75ರಿಂದ 80 ಡಿಗ್ರಿ ಸಾಕು. ಥರ್ಮಾಮೀಟರ್ ಬೇಡ. ಕುದಿದ ನೀರನ್ನು ಲೋಟದಿಂದ ಲೋಟಕ್ಕೆ ಎರಡು ಮೂರು ಸಲ ಸುರಿದು, ಆಮೇಲೆ ಎಲೆಗೆ ಹಾಕಿ. ಎರಡು ನಿಮಿಷಕ್ಕೆ ಸೋಸಿ. ಒಂದು ಸಿಹಿ ಅಂಶ ಸಿಗುತ್ತದೆ, ನಂಬಿ. ಔಷಧಿ ಅಂತ ಕುಡಿಯುವುದನ್ನು ದಯವಿಟ್ಟು ಬಿಡಿ, ರುಚಿಗೆ ಕುಡಿಯಿರಿ.

"ಇದೆಲ್ಲಾ ದುಡ್ಡಿದ್ದವರ ಶೋಕಿ" ಅಂತ ನನಗೆ ಹೇಳಿದವರಿದ್ದಾರೆ. ಲೆಕ್ಕ ಹಾಕೋಣ. ಒಂದು ಕಪ್ಪಿಗೆ ಎರಡೂವರೆ ಗ್ರಾಂ ಅಂದರೆ 100 ಗ್ರಾಂನಲ್ಲಿ 40 ಕಪ್ಪು. 100 ಗ್ರಾಂಗೆ 500 ರೂಪಾಯಿ ಕೊಟ್ಟರೂ ಕಪ್ಪಿಗೆ ಬೀಳುವುದು ಹನ್ನೆರಡೂವರೆ ರೂಪಾಯಿ. ಉದ್ದ ಎಲೆಯಾದರೆ ಎರಡನೇ ಸಲವೂ ನೀರು ಹಾಕಬಹುದು. ಹಾಲು, ಸಕ್ಕರೆ ಖರ್ಚಿಲ್ಲ. ಹೋಟೆಲಿನಲ್ಲಿ ನಿಂತು ಕುಡಿಯುವ ಟೀಗಿಂತ ಇದು ದುಬಾರಿ ಅಲ್ಲವೇ ಅಲ್ಲ.

ತಂದ ಮೇಲೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ. ಹಿಂಗು, ಸಾಂಬಾರ್ ಪುಡಿಯ ಪಕ್ಕ ಮಾತ್ರ ಬೇಡ. ಟೀ ಎಲೆ ಪಕ್ಕದ ವಾಸನೆಯನ್ನೆಲ್ಲಾ ಹೀರಿಕೊಳ್ಳುತ್ತದೆ. ಚೀನಾದವರು ಮಲ್ಲಿಗೆ ಟೀ ಮಾಡುವುದು ಈ ಗುಣದಿಂದಲೇ. ಸಂಜೆ ಅರಳುವ ಮೊಗ್ಗನ್ನು ಎಲೆಯ ಜೊತೆ ಬೆರೆಸಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಹೂವನ್ನು ತೆಗೆದುಬಿಡುತ್ತಾರೆ. ಒಳ್ಳೆಯ ಟೀ ಆದರೆ ಹೀಗೆ ಹಲವು ರಾತ್ರಿ.

ಇನ್ನೊಂದು ವಿಷಯ ನನಗೆ ಮುಖ್ಯ. ನೀಲಗಿರಿಯಲ್ಲಿ ಸಾವಿರಾರು ಸಣ್ಣ ಬೆಳೆಗಾರರಿದ್ದಾರೆ. ಹೆಚ್ಚಿನವರು ಹಸಿ ಎಲೆಯನ್ನು ಕಾರ್ಖಾನೆಗೆ ಮಾರುತ್ತಾರೆ. ಸರಿಯಾದ ಬೆಲೆ ಬೇಕು ಅಂತ ಎಷ್ಟು ವರ್ಷದಿಂದ ಕೇಳುತ್ತಿದ್ದಾರೆ. ಎರಡು ಎಲೆ, ಒಂದು ಕುಡಿ ನೋಡಿ ಜಾಗ್ರತೆಯಾಗಿ ಕೊಯ್ದದ್ದು ಎಲ್ಲಾ ಎಲೆ ಜೊತೆ ಸೇರಿ ಪುಡಿಯಾದರೆ, ಒಳ್ಳೆಯದನ್ನು ಕೊಯ್ಯುವ ಹುಮ್ಮಸ್ಸು ಯಾರಿಗೆ ಇರುತ್ತದೆ? ಅದಕ್ಕೇ ನಾನು ಪ್ಯಾಕೆಟ್ ಮೇಲೆ ತೋಟದ ಹೆಸರು, ಕೊಯ್ಲಿನ ಕಾಲ ಬರೆದದ್ದನ್ನೇ ಹುಡುಕುತ್ತೇನೆ. ಕೂನೂರು, ಕೋಟಗಿರಿ ಕಡೆ ಸ್ವಂತ ಎಲೆಯನ್ನು ತಾವೇ ತಯಾರಿಸಿ ನೇರವಾಗಿ ಮಾರುವ ಸಣ್ಣ ಬೆಳೆಗಾರರು ನಿಮಗೆ ಗೊತ್ತಿದ್ದರೆ ತಿಳಿಸಿ. ಈ ಸಲದ ಚಳಿಗಾಲದ ಕೊಯ್ಲನ್ನು ಅವರಿಂದಲೇ ತರಿಸಬೇಕು ಅಂತಿದ್ದೇನೆ.