ಟವೆಲ್ ಹೊಲಿದ ಭೂತ ಮತ್ತು ಕರ್ನಲ್ ಆಲ್ಕಾಟ್ ಡೈರಿ

ಮೋಸ ಹಿಡಿಯುವುದೇ ಕಸುಬಾಗಿದ್ದ ಮನುಷ್ಯ ಹೆನ್ರಿ ಸ್ಟೀಲ್ ಆಲ್ಕಾಟ್. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸಾಮಾನು ಪೂರೈಸುತ್ತಿದ್ದ ಕಂಟ್ರಾಕ್ಟರುಗಳ ಕಳ್ಳಲೆಕ್ಕ ಬಯಲಿಗೆ ಎಳೆದವನು. 1865ರಲ್ಲಿ ಲಿಂಕನ್ ಕೊಲೆಯಾದಾಗ ತನಿಖೆಗೆ ಕರೆದವರಲ್ಲಿ ಈತನೂ ಒಬ್ಬ. ಆಮೇಲೆ ವಕೀಲಿಕೆ, ಜೊತೆಗೆ ಪತ್ರಿಕೆಗಳಿಗೆ ಬರೆಯುವುದು. ಇಂಥವನು 1874ರ ಅಕ್ಟೋಬರಿನಲ್ಲಿ ವರ್ಮಾಂಟ್ ರಾಜ್ಯದ ಚಿಟೆಂಡನ್ ಎಂಬ ಹಳ್ಳಿಯಲ್ಲಿದ್ದ. ಅಲ್ಲೊಂದು ರೈತರ ಮನೆಯಲ್ಲಿ ಪ್ರೇತಗಳು ಕಾಣಿಸಿಕೊಳ್ಳುತ್ತವೆ ಅಂತ ಸುದ್ದಿ, ಅದನ್ನು ಪತ್ರಿಕೆಗೆ ವರದಿ ಮಾಡುವುದು ಆತನ ಕೆಲಸ. ಒಂದು ದಿನ ಕೆಂಪು ಅಂಗಿ ತೊಟ್ಟ, ಕುರಿಯ ತುಪ್ಪಟದಂಥ ಗುಂಗುರು ಕೂದಲಿನ ದಪ್ಪನೆಯ ರಷ್ಯನ್ ಹೆಂಗಸೊಬ್ಬಳು ಅಲ್ಲಿಗೆ ಬಂದಳು. ಊಟ ಮುಗಿಸಿ ಹೊರಗೆ ಬಂದು ಸಿಗರೇಟು ಸುತ್ತಿಕೊಂಡಳು. ಆಲ್ಕಾಟ್ ಬೆಂಕಿ ಹಚ್ಚಿಕೊಟ್ಟ.

ಆಕೆ ಹೆಲೆನಾ ಪೆಟ್ರೋವ್ನಾ ಬ್ಲಾವಟ್ಸ್ಕಿ. ಮರುವರ್ಷವೇ ಇಬ್ಬರೂ ಸೇರಿ ನ್ಯೂಯಾರ್ಕಿನಲ್ಲಿ, ಎಲ್ಲ ಧರ್ಮಗಳ ಹಿಂದೆ ಒಂದೇ ಗುಪ್ತಜ್ಞಾನ ಇದೆ ಅನ್ನುವ ಥಿಯಾಸಾಫಿಕಲ್ ಸೊಸೈಟಿ ಕಟ್ಟಿದರು. 1879ರಲ್ಲಿ ಬೊಂಬಾಯಿಗೆ ಬಂದಿಳಿದರು. 1882ರ ಕೊನೆಗೆ ಮದರಾಸಿನ ಅಡ್ಯಾರಿನಲ್ಲಿ ನೆಲೆ ನಿಂತರು. ಅದು ಇವತ್ತಿಗೂ ಅಲ್ಲೇ ಇದೆ.

ಈಕೆ ಸತ್ತು 130 ವರ್ಷ ಕಳೆದರೂ ಈಕೆಯ ಬಗೆಗಿನ ಜಗಳ ಮುಗಿದಿಲ್ಲ. ಒಂದು ಕಡೆ, ತನ್ನ ಗುರುಗಳು ಅಂತ ಹೇಳುತ್ತಿದ್ದ ಹಿಮಾಲಯದ ಮಹಾತ್ಮರ ಕಾಗದಗಳನ್ನು ಗಾಳಿಯಿಂದ ತರಿಸುತ್ತಿದ್ದ ಮಹಾಯೋಗಿನಿ. ಇನ್ನೊಂದು ಕಡೆ, ಅಪ್ಪಟ ಬುರುಡೆ ದಾಸಿ. ಪ್ರೇತ, ಪವಾಡಗಳ ನಿಜಸುಳ್ಳು ಪರೀಕ್ಷಿಸುತ್ತಿದ್ದ ಲಂಡನ್ನಿನ ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್ ಕಳಿಸಿದ ರಿಚರ್ಡ್ ಹಾಡ್ಜ್‌ಸನ್ ಅಡ್ಯಾರಿಗೆ ಬಂದು ತಿಂಗಳುಗಟ್ಟಲೆ ವಿಚಾರಿಸಿ, ಕಾಗದಗಳನ್ನು ಆಕೆಯೇ ಬರೆದದ್ದು ಅಂತ ವರದಿ ಕೊಟ್ಟ. 1885ರ ಆ ವರದಿ ಆಕೆಯನ್ನು ಇತಿಹಾಸದ ಅತ್ಯಂತ ನಿಪುಣ ಮೋಸಗಾರರ ಸಾಲಿಗೆ ಸೇರಿಸಿತು. ನೂರು ವರ್ಷದ ಮೇಲೆ, 1986ರಲ್ಲಿ, ಅದೇ ಸಂಸ್ಥೆಯ ಪತ್ರಿಕೆಯಲ್ಲಿ ವರ್ನನ್ ಹ್ಯಾರಿಸನ್ ಎಂಬ ಕೈಬರಹ ತಜ್ಞ ಹಾಡ್ಜ್‌ಸನ್ ವರದಿಯೇ ಒಂದು ಕಡೆಗೆ ವಾಲಿದ್ದು ಅಂತ ಬರೆದ. ಅಲ್ಲಿಗೆ ಎರಡೂ ಗುಂಪಿಗೆ ಇನ್ನೂ ನೂರು ವರ್ಷ ಸಾಕಾಗುವಷ್ಟು ಸರಕು ಸಿಕ್ಕಿತು.

ನನ್ನ ಮಾತು ಇಷ್ಟೇ. ಈ ಹೆಂಗಸು ಯಾರು ಅಂತ ತಿಳಿಯಬೇಕಾದರೆ ವರದಿಗಳನ್ನು ಪಕ್ಕಕ್ಕಿಟ್ಟು ಮೊದಲು ಆಲ್ಕಾಟ್ ಬರೆದ 'ಓಲ್ಡ್ ಡೈರಿ ಲೀವ್ಸ್' ಓದಬೇಕು. ಆತ ನಿಷ್ಪಕ್ಷಪಾತಿ ಅಂತಲ್ಲ. ಈಕೆಗಾಗಿ ಕಸುಬು ಬಿಟ್ಟ, ಊರು ಬಿಟ್ಟ, ಮಕ್ಕಳನ್ನು ಅಮೆರಿಕದಲ್ಲೇ ಬಿಟ್ಟು ಬಂದ ಮನುಷ್ಯ ಎಲ್ಲಿಯ ನಿಷ್ಪಕ್ಷಪಾತಿ? ಆದರೆ ಆತನಿಗೆ ಎರಡು ಗುಣ ಇದ್ದವು. ನಂಬುತ್ತಿದ್ದ, ಮತ್ತು ಕಂಡದ್ದನ್ನು ಕಂಡ ಹಾಗೆ ಬರೆದಿಡುತ್ತಿದ್ದ. ತನಿಖೆ ಮಾಡಿದವನ ಕೈ, ಭಕ್ತನ ತಲೆ. ಕೈ ಬರೆದದ್ದಕ್ಕೂ ತಲೆ ಹೇಳುವುದಕ್ಕೂ ಎಷ್ಟೋ ಕಡೆ ತಾಳಮೇಳ ಇಲ್ಲ. ನನಗೆ ಪುಸ್ತಕ ಹಿಡಿಸಿದ್ದೇ ಅದಕ್ಕೆ.

ಟವೆಲ್ ಕಥೆ ನೋಡಿ. ನ್ಯೂಯಾರ್ಕಿನ ಮನೆಗೆ ಆಲ್ಕಾಟ್ ಟವೆಲ್ ಬಟ್ಟೆ ತಂದಿದ್ದ. ತುಂಡು ಮಾಡಿ ಆಯಿತು, ಇನ್ನು ಅಂಚು ಮಡಚಿ ಹೊಲಿಯಬೇಕು. ಆಕೆ ಸೂಜಿ ಹಿಡಿದು ಕೂತಳು. ಇದ್ದಕ್ಕಿದ್ದಂತೆ ಮೇಜಿನ ಕೆಳಗೆ ಕಾಲು ಝಾಡಿಸಿ ಒದ್ದು, ಹೋಗಾಚೆ ಅಂತ ಬೈದಳು. ಏನಾಯ್ತು ಅಂದರೆ, ಒಂದು ಪುಟ್ಟ ಭೂತ ಲಂಗ ಎಳೆದು ಕೆಲಸ ಕೇಳುತ್ತಿದೆಯಂತೆ. ಹಾಗಾದರೆ ಟವೆಲ್ ಅದಕ್ಕೇ ಕೊಡು, ನಿನ್ನ ಹೊಲಿಗೆ ಹೇಗೂ ದೇವರಿಗೇ ಪ್ರೀತಿ ಅಂದ ಈತ. ಬಟ್ಟೆ, ಸೂಜಿ, ದಾರ ಎಲ್ಲ ಪುಸ್ತಕದ ಬೀರುವಿನೊಳಗೆ ಇಟ್ಟು ಬೀಗ ಹಾಕಿದ್ದಾಯಿತು. ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ ಕಳೆಯಿತು. ಮೇಜಿನ ಕೆಳಗೆ ಇಲಿ ಕೀಚಲು. ಮುಗೀತಂತೆ, ತೆಗೆದು ನೋಡು ಅಂದಳು. ಡಜನ್ ಟವೆಲ್ಲೂ ಹೊಲಿದು ಸಿದ್ಧ. ಹೊಲಿಗೆ ಮಾತ್ರ ಶಿಶುವಿಹಾರದ ಹುಡುಗಿಯೂ ನಾಚುವಷ್ಟು ಕೆಟ್ಟದ್ದು.

ಆಕೆಗೆ ಹೊಲಿಗೆ ಬಾರದು ಅಂತ ಬರೆದವನೂ ಆಲ್ಕಾಟೇ. ಭೂತದ ಹೊಲಿಗೆ ಅಧ್ವಾನ ಅಂತ ಬರೆದವನೂ ಅವನೇ. ಎರಡೂ ಮಾತು ಒಂದೇ ಕಥೆಯೊಳಗಿವೆ. ಒಂದಕ್ಕೊಂದು ಜೋಡಿಸುವ ಗೋಜಿಗೆ ಮಾತ್ರ ಆತ ಹೋಗಲಿಲ್ಲ. ಬೀಗ ಹಾಕಿದ ಬೀರುವಿನೊಳಗೆ ಅದು ಹೇಗೆ ಬಂತು ಅಂತ ನನ್ನನ್ನು ಕೇಳಬೇಡಿ. ಆದರೆ ಯಾರ ಕೈ ಅನ್ನುವುದರಲ್ಲಿ ನನಗೇನೂ ಅನುಮಾನ ಇಲ್ಲ. ಆಕೆಯನ್ನು ಬರೀ ಸಾಧ್ವಿ ಅಂತ ತೋರಿಸಬೇಕಿದ್ದ ಭಕ್ತನಾದರೆ ಹೊಲಿಗೆ ಅಂದವಾಗಿತ್ತು ಅಂತ ಬರೆದುಬಿಡುತ್ತಿದ್ದ, ಅಲ್ವಾ?

ಇನ್ನೊಂದು, ಮುಂಡಾಸಿನ ಪ್ರಸಂಗ. ಒಂದು ರಾತ್ರಿ ಆಲ್ಕಾಟ್ ಕೋಣೆಯಲ್ಲಿ ಒಬ್ಬನೇ ಓದುತ್ತಾ ಕೂತಿದ್ದಾಗ ಬಿಳಿ ಬಟ್ಟೆಯ, ಎತ್ತರದ ಭಾರತೀಯನೊಬ್ಬ ಎದುರು ನಿಂತ. ಕೂತು ಮಾತಾಡಿದ. ಆಲ್ಕಾಟ್ ಮನಸ್ಸಿನಲ್ಲಿ ಒಂದೇ ಶಂಕೆ. ಇದು ನನ್ನ ಭ್ರಮೆಯಾ, ಆಕೆ ನನ್ನ ಮೇಲೆ ಮಂಕುಬೂದಿ ಎರಚಿದ್ದಾಳಾ, ಕೈಗೆ ಸಿಗುವಂಥದ್ದು ಏನಾದರೂ ಉಳಿದರೆ ನಂಬಬಹುದು. ಬಂದವನು ನಕ್ಕು ತಲೆಯ ಮುಂಡಾಸು ಬಿಚ್ಚಿ ಮೇಜಿನ ಮೇಲಿಟ್ಟು ಹೋದ. ಅಲ್ಲಿಗೆ ಶಂಕೆ ಪರಿಹಾರ. ಕಂಟ್ರಾಕ್ಟರುಗಳ ಬಿಲ್ಲು ಹಿಡಿದು ಜಾಲಾಡಿಸಿದ ಮನುಷ್ಯನಿಗೆ, ಇದು ಭ್ರಮೆಯಲ್ಲದಿದ್ದರೆ ಯಾರೋ ಕಳಿಸಿದ ಆಳೂ ಆಗಿರಬಹುದು ಅನ್ನುವ ಪ್ರಶ್ನೆ ಆ ಗಳಿಗೆಯಲ್ಲಿ ಬರಲಿಲ್ಲ. ಮುಂಡಾಸು ಇದ್ದರೆ ತಲೆ ಇತ್ತು ಅಂತಾಯಿತು, ಅಷ್ಟೇ ತಾನೇ? ಆ ಮುಂಡಾಸನ್ನು ಆತ ಕೊನೆಯವರೆಗೆ ಜೋಪಾನ ಮಾಡಿದ.

ಹಾಗಂತ ಪುಸ್ತಕ ಪೂರ್ತಿ ಆಕೆಯನ್ನು ಹಿಡಿದುಕೊಡುವ ಸಾಕ್ಷಿ ಅಂದುಕೊಂಡರೆ ಅದೂ ತಪ್ಪು. ಆಕೆಯ ಮೊದಲ ದೊಡ್ಡ ಪುಸ್ತಕ 'ಐಸಿಸ್ ಅನ್‌ವೀಲ್ಡ್' ಬರೆಯುವ ಕಾಲದ ಅಧ್ಯಾಯಗಳನ್ನು ಓದಿ. ಒಂದೇ ಮೇಜಿನ ಆ ಕಡೆ ಆಕೆ, ಈ ಕಡೆ ಇಂಗ್ಲಿಷ್ ತಿದ್ದಲು ಈತ. ಬೆಳಗಿನಿಂದ ನಡುರಾತ್ರಿ ದಾಟುವವರೆಗೆ ಕೂರುತ್ತಿದ್ದರು. ಆಕೆ ಬರೆಯುತ್ತಾ ಬರೆಯುತ್ತಾ ತಲೆ ಎತ್ತಿ ಶೂನ್ಯದಲ್ಲಿ ಏನನ್ನೋ ಓದುವವಳ ಹಾಗೆ ಕಣ್ಣು ಕಿರಿದು ಮಾಡಿ, ಮತ್ತೆ ಕಾಗದಕ್ಕೆ ಇಳಿಸುತ್ತಿದ್ದಳಂತೆ. ಈ ಶೂನ್ಯದ ಗ್ರಂಥಾಲಯದ ಗುಟ್ಟನ್ನು ವಿಲಿಯಂ ಎಮೆಟ್ ಕೋಲ್ಮನ್ ಎಂಬಾತ 1895ರಲ್ಲಿ ಒಡೆದ. ಸುಮಾರು 100 ಪುಸ್ತಕಗಳಿಂದ 2000ದಷ್ಟು ಭಾಗಗಳನ್ನು ಹೆಸರು ಹೇಳದೆ ಎತ್ತಿದ್ದಾಳೆ ಅಂತ ಲೆಕ್ಕ ಕೊಟ್ಟ. ಇರಲಿ. ಆದರೂ ದುಡ್ಡಿಗಾಗಿ ಮೋಸ ಮಾಡುವವರು ಈ ಪಾಟಿ ದುಡಿಯುವುದನ್ನು ನಾನು ಎಲ್ಲೂ ಓದಿಲ್ಲ. ಕೈಯಲ್ಲಿ ಕಾಸು ನಿಲ್ಲುತ್ತಿರಲಿಲ್ಲ. ಬಾಯಿ ಬಿಟ್ಟರೆ ಬೈಗುಳ. ಮನೆಯಲ್ಲಿ ಕನ್ನಡಕ ಹಾಕಿ, ಕಂಕುಳಲ್ಲಿ ಡಾರ್ವಿನ್ ವಿಚಾರದ ಉಪನ್ಯಾಸ ಸಿಕ್ಕಿಸಿ ನಿಲ್ಲಿಸಿದ್ದ ಸತ್ತ ಬಬೂನು ಕೋತಿ! ಲಾಭದ ಲೆಕ್ಕ ಹಾಕುವವಳ ಮನೆ ಹೀಗಿರುವುದಿಲ್ಲ.

ನನಗನ್ನಿಸುವುದು ಹೀಗೆ. ಪವಾಡಗಳಲ್ಲಿ ಬಹುಪಾಲು ಆಕೆಯ ಕೈಚಳಕ. ಆದರೆ ಹೇಳುತ್ತಿದ್ದ ವಿಚಾರಗಳನ್ನು ಆಕೆ ನಿಜವಾಗಿ ನಂಬಿದ್ದಳು. ಪವಾಡ ಇಲ್ಲದಿದ್ದರೆ ಜನ ಕಿವಿಗೊಡುವುದಿಲ್ಲ ಅಂತಲೂ ನಂಬಿದ್ದಳು. ಇದನ್ನು ನಾನು ಒಪ್ಪುತ್ತೇನೆ ಅಂತಲ್ಲ. ಆದರೆ 'ಮೋಸಗಾರ್ತಿ' ಅಂದು ಕೈತೊಳೆದುಕೊಂಡರೆ ಮುಂದಿನದು ಏನೂ ಅರ್ಥವಾಗುವುದಿಲ್ಲ. 1880ರಲ್ಲಿ ಸಿಲೋನಿನ ಗಾಲೆಯಲ್ಲಿ ಇಬ್ಬರೂ ಪಂಚಶೀಲ ಸ್ವೀಕರಿಸಿದರು, ಆಲ್ಕಾಟ್ ಅಲ್ಲಿ ಬೌದ್ಧ ಶಾಲೆಗಳಿಗೆ ಬೆನ್ನೆಲುಬಾದ. ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧೀಜಿಗೆ ಗೀತೆ ಓದುವ ಹುಕಿ ಹತ್ತಿಸಿದವರು ಇದೇ ಸೊಸೈಟಿಯ ಇಬ್ಬರು. ಆಲ್ಕಾಟ್ ನಂತರ ಅಧ್ಯಕ್ಷೆಯಾದ ಆನಿ ಬೆಸೆಂಟ್ 1917ರಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ನ್ಯಾಷನಲ್ ವಿದ್ಯಾಸಂಸ್ಥೆ ಶುರು ಮಾಡಿದರು. ಅಲ್ಲೇ ಓದಿ, ಅಲ್ಲೇ ಪ್ರಿನ್ಸಿಪಾಲರಾದ ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು! ಬ್ಲಾವಟ್ಸ್ಕಿ ಬದುಕಿದ್ದರೆ ಎಚ್ಚೆನ್ ಅವರನ್ನು ಚೆನ್ನಾಗಿ ಬೈದು, ಆಮೇಲೆ ಚಹಾಕ್ಕೆ ಕರೆಯುತ್ತಿದ್ದಳು ಅಂತ ನನ್ನ ಊಹೆ.

ಹತ್ತಿರದವರು ಬರೆದದ್ದೆಲ್ಲ ಹೀಗಿರುವುದಿಲ್ಲ. ಕೌಂಟೆಸ್ ವಾಕ್ಟ್‌ಮೈಸ್ಟರ್ ಯುರೋಪಿನಲ್ಲಿ ಆಕೆಯ ಜೊತೆಗಿದ್ದು ಬರೆದದ್ದು ಬರೀ ಮಂಗಳಾರತಿ. ರಷ್ಯನ್ ಕಾದಂಬರಿಕಾರ ವ್ಸೆವೊಲೊದ್ ಸೊಲೊವ್ಯೋವ್ ಶಿಷ್ಯನಾಗಿ ಬಂದು ಮುನಿಸಿಕೊಂಡು ಹೋದವನು. ಎಲ್ಲ ಬೂಟಾಟಿಕೆ ಅಂತ ಆಕೆಯೇ ತನ್ನೆದುರು ಒಪ್ಪಿಕೊಂಡಳು ಅಂತ ಬರೆದ. ಒಬ್ಬರದು ಪೂಜೆ, ಇನ್ನೊಬ್ಬರದು ಸೇಡು. ಆಲ್ಕಾಟ್‌ಗೆ ಎರಡೂ ಬೇಕಿರಲಿಲ್ಲ. 1891ರಲ್ಲಿ ಆಕೆ ಲಂಡನ್ನಿನಲ್ಲಿ ತೀರಿಕೊಂಡ ಮೇಲೆ ಸೊಸೈಟಿಯವರು ಆಕೆಯನ್ನು ದೇವಿ ಮಾಡಲು ಹೊರಟರು. ಅದನ್ನು ತಡೆಯಲೆಂದೇ ಬರೆಯಲು ಕೂತೆ ಅಂತ ಆತ ಮುನ್ನುಡಿಯಲ್ಲೇ ಹೇಳುತ್ತಾನೆ. ಇಬ್ಬರೂ ಕೊನೆಕೊನೆಗೆ ಸಾಕಷ್ಟು ಜಗಳ ಆಡಿದ್ದರು. 1884ರಲ್ಲಿ ಮದರಾಸಿನ ಪತ್ರಿಕೆಯೊಂದು, ಪವಾಡಗಳ ಮೋಸಕ್ಕೆ ಆಕೆಯೇ ಬರೆದ ಕಾಗದಗಳು ಅಂತ ಕೆಲವನ್ನು ಅಚ್ಚು ಹಾಕಿದಾಗ ಆಕೆ ಕೋರ್ಟಿಗೆ ಹೋಗೋಣ ಅಂದಳು. ಈತ ಬೇಡ ಅಂದ. ವಕೀಲನಲ್ಲವೇ, ಪಾಟೀಸವಾಲಿನಲ್ಲಿ ಆಕೆಯ ಗತಿ ಏನಾಗಬಹುದು ಅಂತ ಆತನಿಗೆ ಗೊತ್ತಿತ್ತು. ಆ ಒಂದು 'ಬೇಡ' ನನಗೆ ಇಡೀ ಹಾಡ್ಜ್‌ಸನ್ ವರದಿಗಿಂತ ಜಾಸ್ತಿ ಹೇಳಿತು. ಆಕೆ 1885ರ ಮಾರ್ಚ್ ಕೊನೆಗೆ ಕಾಯಿಲೆಯಲ್ಲೇ ಹಡಗು ಹತ್ತಿದಳು, ಮತ್ತೆ ಭಾರತಕ್ಕೆ ಬರಲಿಲ್ಲ.

ಓದುವುದಾದರೆ ಮೊದಲ ಎರಡು ಸಂಪುಟ ಸಾಕು. ಮುಂದಿನವು ಹೆಚ್ಚಾಗಿ ಆಲ್ಕಾಟ್ ಪ್ರವಾಸದ ದಿನಚರಿ, ಸುಮ್ನೆ ಪುಟ ತಿರುಗಿಸಬಹುದು. ಮೂರನೆಯದರಲ್ಲಿ ಈ ಕಾಗದಗಳಿಂದ ಅಡ್ಯಾರಿನಲ್ಲಿ ಎದ್ದ ರಾದ್ಧಾಂತದ ಭಾಗವನ್ನು ಮಾತ್ರ ಬಿಡಬೇಡಿ. ಸೊಲೊವ್ಯೋವ್‌ನದನ್ನು ಇದಾದ ಮೇಲೆ ಓದಿ.