ಹಳೇ ಪೇಟೆ ಉಳಿಯಬೇಕಾದರೆ ಅಂಗಡಿಯವರ ಜೊತೆ ಕೂರಬೇಕು

ನಾನಿರುವ ಕಾರ್ನಿಂಗ್ ನ್ಯೂಯಾರ್ಕ್ ರಾಜ್ಯದ ಪುಟ್ಟ ಊರು. ಮೊಬೈಲಿನ ಗೊರಿಲ್ಲಾ ಗ್ಲಾಸ್ ತಯಾರಿಸುವ ಕಂಪನಿ ಇಲ್ಲಿಯದೇ. ಇಲ್ಲಿನ ಹಳೇ ಪೇಟೆಯ ಹೆಸರು ಮಾರ್ಕೆಟ್ ಸ್ಟ್ರೀಟ್. ಸಾಲಾಗಿ ನಿಂತ ಇಟ್ಟಿಗೆ ಕಟ್ಟಡಗಳು, ಕೆಳಗೆ ಅಂಗಡಿ, ಎಷ್ಟೋ ಕಡೆ ಮೇಲೆ ಮನೆ. ನಮ್ಮ ಪೇಟೆಗಳ ಹಾಗೇ ಅಲ್ವಾ?

1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತದ ಮಳೆಗೆ ನದಿ ಉಕ್ಕಿ ಈ ಬೀದಿ ಮುಳುಗಿತು. ಅಮೆರಿಕದ ಎಷ್ಟೋ ಊರುಗಳು ಹಳೇ ಪೇಟೆ ಕೆಡವಿ ಪಾರ್ಕಿಂಗ್ ಜಾಗ ಮಾಡುತ್ತಿದ್ದ ಕಾಲ ಅದು. ಕಾರ್ನಿಂಗ್ ಬೇರೆ ದಾರಿ ಹಿಡಿಯಿತು. 1974ರಲ್ಲಿ ಬೀದಿಯ ದುರಸ್ತಿಗೆಂದೇ ಒಂದು ಸಂಸ್ಥೆ ಶುರುವಾಯಿತು. ಮುಂಭಾಗ ಹೇಗಿರಬೇಕು, ಬೋರ್ಡು ಎಂಥದ್ದಿರಬೇಕು ಎಂದು ಅಂಗಡಿಯವರ ಜೊತೆ ಮಾತಾಡಿ ಸಲಹೆ ಕೊಡುವುದೇ ಅದರ ಮುಖ್ಯ ಕೆಲಸ.

ನನಗೆ ದೊಡ್ಡದಾಗಿ ಕಾಣುವುದು ಇದೇ. ಇಲ್ಲಿ ಪಾರಂಪರಿಕ ಕಟ್ಟಡಗಳ ರಾಷ್ಟ್ರೀಯ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಕಟ್ಟಡ ಉಳಿಯುವುದಿಲ್ಲ. ಮಾಲೀಕ ಸ್ವಂತ ದುಡ್ಡಲ್ಲಿ ಕೆಡವಿದರೆ ಆ ಪಟ್ಟಿ ತಡೆಯುವುದಿಲ್ಲ. ನಿಯಮದಂತೆ ದುರಸ್ತಿ ಮಾಡಿದರೆ ಖರ್ಚಿನ ಶೇ 20ರಷ್ಟು ಕೇಂದ್ರ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆ, ನಿಜ. ಆದರೆ ಮೊದಲು ಯಾರಾದರೂ ಮಾಲೀಕನನ್ನು ಒಪ್ಪಿಸಬೇಕು.

ಮೈಸೂರಿನಲ್ಲಿ 2012ರಲ್ಲಿ ಅಂಗಡಿಗಳಿದ್ದ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ವಾದ ಕೋರ್ಟಿನವರೆಗೂ ಹೋಯಿತು. ಅಲ್ಲಿ ಕಟ್ಟಡ ಪಾಲಿಕೆಯದು, ವ್ಯಾಪಾರಿಗಳು ಬಾಡಿಗೆದಾರರು. ತನ್ನದಲ್ಲದ ಗೋಡೆಗೆ ಬಾಡಿಗೆದಾರ ಯಾಕೆ ದುಡ್ಡು ಹಾಕುತ್ತಾನೆ? ಹಾಗಾಗಿ ಅಮೆರಿಕದ ತೆರಿಗೆ ವಿನಾಯಿತಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಆದರೆ ಇಲ್ಲಿಲ್ಲದ ಒಂದು ಸಂಪತ್ತು ಅಲ್ಲಿದೆ: ಜನ. ಮಾರ್ಕೆಟ್ ಸ್ಟ್ರೀಟ್‌ನವರು ಗಿರಾಕಿಗಳನ್ನು ಕರೆತರಲು ವರ್ಷವಿಡೀ ಏನಾದರೂ ಕಾರ್ಯಕ್ರಮ ಮಾಡುತ್ತಲೇ ಇರಬೇಕು. ದೇವರಾಜ ಮಾರುಕಟ್ಟೆಗೆ ಜನ ಮಲ್ಲಿಗೆಗೆ, ವೀಳ್ಯದೆಲೆಗೆ, ಬಾಳೆಹಣ್ಣಿಗೆ ತಾವಾಗಿಯೇ ಬರುತ್ತಾರೆ. ಆ ವ್ಯಾಪಾರ ಒಮ್ಮೆ ಚದುರಿದರೆ, ಎಷ್ಟೇ ಚೆಂದದ ಕಟ್ಟಡ ಕಟ್ಟಿದರೂ ಮತ್ತೆ ಕೂಡಿಸುವುದು ಕಷ್ಟ.

ವ್ಯಾಪಾರಿಗಳ ಭಯವೂ ಅದೇ. ಹಳೇ ಕಟ್ಟಡ ಬಲ್ಲ ಒಬ್ಬ ಎಂಜಿನಿಯರನ್ನು ಪಾಲಿಕೆ ಮಾರುಕಟ್ಟೆಯೊಳಗೇ ಕೂರಿಸಲಿ. ದುರಸ್ತಿಯ ಹೊತ್ತಿಗೆ ಯಾವ ಸಾಲು ಎಲ್ಲಿಗೆ ಹೋಗಬೇಕು, ಎಷ್ಟು ತಿಂಗಳು, ವಾಪಸ್ ಬಂದಾಗ ಅದೇ ಮಳಿಗೆ ಸಿಗುತ್ತದೆಯೇ, ಬಾಡಿಗೆ ಎಷ್ಟು, ಇದನ್ನೆಲ್ಲ ಪ್ರತಿ ವ್ಯಾಪಾರಿಗೂ ಬರೆದುಕೊಡಲಿ. ಗೋಡೆಗೆ ಕೈಹಾಕುವುದು ಆಮೇಲೆ.