ನಾಲ್ಕು ಕಾರ್ಡುಗಳ ಪ್ರಶ್ನೆಗೆ ‘ಎ ಮತ್ತು 4’ ಸರಿಯುತ್ತರವಲ್ಲ

ಒಂದು ಬದಿಯಲ್ಲಿ ಇಂಗ್ಲಿಷ್ ಅಕ್ಷರ, ಇನ್ನೊಂದು ಬದಿಯಲ್ಲಿ ಅಂಕಿ ಇರುವ ನಾಲ್ಕು ಕಾರ್ಡುಗಳ ಮೇಲೆ ಎ, ಕೆ, 4, 7 ಕಾಣುತ್ತಿರುವಾಗ, ‘ಸ್ವರಾಕ್ಷರದ ಹಿಂದೆ ಸಮಸಂಖ್ಯೆಯೇ ಇರುತ್ತದೆ’ ಎಂಬ ನಿಯಮವನ್ನು ಪರೀಕ್ಷಿಸಲು ಯಾವ ಕಾರ್ಡುಗಳನ್ನು ತಿರುಗಿಸಲೇಬೇಕು ಎಂಬ ಪ್ರಶ್ನೆಗೆ ‘ಎ ಮತ್ತು 4’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿರುವ ಉತ್ತರ ತಪ್ಪು. ಸರಿಯಾದ ಆಯ್ಕೆ ‘ಎ ಮತ್ತು 7’. ಸಮಸಂಖ್ಯೆಯ ಹಿಂದೆ ಸ್ವರವೇ ಇರಬೇಕೆಂದು ನಿಯಮ ಎಲ್ಲಿಯೂ ಹೇಳದಿರುವುದರಿಂದ, 4ರ ಹಿಂದೆ ಯಾವ ಅಕ್ಷರ ಬಂದರೂ ನಿಯಮಕ್ಕೆ ಭಂಗವಿಲ್ಲ. ಆದರೆ 7ರ ಹಿಂದೆ ಸ್ವರ ಸಿಕ್ಕರೆ ನಿಯಮ ಅಲ್ಲಿಗೇ ಮುರಿದು ಬೀಳುತ್ತದೆ. ಕೆ ಕಾರ್ಡಿಗೆ ನಿಯಮವೇ ಅನ್ವಯಿಸದು. ‘ನಾಲ್ಕನ್ನೂ ತಿರುಗಿಸಿದರಾಯಿತು’ ಎಂಬ ವಾದವೂ ನಿಲ್ಲದು, ಏಕೆಂದರೆ ಪ್ರಶ್ನೆಯಲ್ಲಿರುವುದು ‘ತಿರುಗಿಸಲೇಬೇಕು’ ಎಂಬ ಪದ. ಬ್ರಿಟಿಷ್ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1966ರಲ್ಲಿ ಮುಂದಿಟ್ಟ ಈ ಸಮಸ್ಯೆಯಲ್ಲಿ ಹೆಚ್ಚಿನವರು ಎಡವುವುದು, ನಾನೂ ಮೊದಲು ಎಡವಿದ್ದು, ಆ 4ರಲ್ಲಿಯೇ.